ಪತ್ತೇದಾರನ ಕರುಣೆ, ಪ್ರೇಕ್ಷಕನ ತೀರ್ಪು

ಕ್ರಿಸ್ಮಸ್ ಹಬ್ಬ ಕಳೆದ ಎರಡನೆಯ ದಿನ ಹೊಸಪೇಟೆಯ ಒಂದು ಕುಟುಂಬಕ್ಕೆ ಮನೆ ಭೇಟಿಗೆಂದು ಹೋಗಿದ್ದೆ. ಗೋದಲಿಯ ದೀಪಗಳು ಇನ್ನೂ ಮಿನುಗುತ್ತಿದ್ದವು. ಜಪಸರ ಪ್ರಾರ್ಥನೆ ಮುಗಿದು, ಚಕ್ಕುಲಿ ಕರ್ಜಿಕಾಯಿಗಳ ತಟ್ಟೆ ಮುಂದೆ ಬಂದ ಮೇಲೆ, ಕಾಲೇಜಿಗೆ ಹೋಗುವ ಆ ಮನೆಯ ಮಗಳು ಹೇಳಿದಳು: “ಫಾದರ್, ನಿನ್ನೆ ರಾತ್ರಿಯಿಂದ ನಮ್ಮ ಮನೆಯಲ್ಲಿ ಜಗಳ ನಡೆದಿದೆ. ನೀವೇ ತೀರ್ಮಾನ ಹೇಳಬೇಕು.” ಆಸ್ತಿಯ ಜಗಳವೋ ಮದುವೆಯ ಮಾತೋ ಎಂದು ನಾನು ಗಾಬರಿಯಾದೆ. ಅದೇನೂ ಅಲ್ಲ, ದೂರದರ್ಶನದ ಪರದೆಯ ಮೇಲೆ ಮನೆಮಂದಿಯೆಲ್ಲ ಕುಳಿತು ನೋಡಿದ ಒಂದು ಪತ್ತೇದಾರಿ ಕಥೆಯ ಬಗೆಗಿನ ಜಗಳ ಅದು.

ಆ ಕಥಾಮಾಲಿಕೆ ಷರ್ಲಾಕ್ ಹೋಮ್ಸನದು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್, ಮಂಜು ಮುಸುಕಿದ ಬೀದಿಗಳು, ಕುದುರೆಗಾಡಿಗಳು, ಗ್ಯಾಸ್ ದೀಪಗಳು. ಬ್ರಿಟನ್ನಿನ ಗ್ರಾನಡಾ ಟೆಲಿವಿಷನ್ ಸಂಸ್ಥೆ 1984ರಿಂದ 1994ರವರೆಗೆ ನಿರ್ಮಿಸಿದ ಈ ಮಾಲಿಕೆಯಲ್ಲಿ ಜೆರೆಮಿ ಬ್ರೆಟ್ ಎಂಬ ನಟ ಹೋಮ್ಸನಾಗಿ ಕಾಣಿಸಿಕೊಂಡಿದ್ದಾರೆ. ನಲವತ್ತು ವರ್ಷಗಳಷ್ಟು ಹಳೆಯದಾದರೂ ಅದನ್ನು ಹುಡುಕಿ ನೋಡುವವರು ಇಂದಿಗೂ ಇದ್ದಾರೆ. ಇಂಗ್ಲಿಷ್ ಬಾರದ ಅಜ್ಜಿಗೆ ಮೊಮ್ಮಗಳು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತ ಹೋದಳಂತೆ.

ಅವರು ನೋಡಿದ ಕಥೆ ‘ನೀಲಿ ಹರಳು’. ಅದು ನಡೆಯುವುದೂ ಕ್ರಿಸ್ಮಸ್ ಕಾಲದಲ್ಲೇ. ಒಂದು ದೊಡ್ಡ ಹೋಟೆಲಿನಲ್ಲಿ ಶ್ರೀಮಂತ ಮಹಿಳೆಯೊಬ್ಬಳ ಅಮೂಲ್ಯ ಹರಳು ಕಳುವಾಗುತ್ತದೆ. ಅಲ್ಲಿಗೆ ದುರಸ್ತಿ ಕೆಲಸಕ್ಕೆ ಬಂದಿದ್ದ ಜಾನ್ ಹಾರ್ನರ್ ಎಂಬ ಬಡ ಪ್ಲಂಬರನನ್ನು ಪೊಲೀಸರು ಹಿಡಿಯುತ್ತಾರೆ. ಹಿಂದೊಮ್ಮೆ ಕಳ್ಳತನಕ್ಕಾಗಿ ಶಿಕ್ಷೆಯಾಗಿದ್ದವನು ಎಂಬುದೇ ಅವನ ಮೇಲಿನ ದೊಡ್ಡ ಸಾಕ್ಷಿ. ಆದರೆ ಕದ್ದವನು ಅವನಲ್ಲ. ಅದೇ ಹೋಟೆಲಿನ ನೌಕರ ಜೇಮ್ಸ್ ರೈಡರ್. ಹಾರ್ನರನ ಹಳೆಯ ಕಥೆ ಗೊತ್ತಿದ್ದುದರಿಂದಲೇ ರೈಡರ್ ಅವನನ್ನು ಕೆಲಸಕ್ಕೆ ಕರೆಸಿ ಸಿಕ್ಕಿಸಿರುತ್ತಾನೆ. ಕದ್ದ ಹರಳನ್ನು ಒಂದು ಹೆಬ್ಬಾತಿಗೆ ನುಂಗಿಸಿ, ಬಳಿಕ ಯಾವ ಹೆಬ್ಬಾತು ಎಂಬುದು ತಪ್ಪಿಹೋಗಿ, ಅದು ಹಬ್ಬದ ಅಡುಗೆಗೆಂದು ಯಾರದೋ ಮನೆ ಸೇರುತ್ತದೆ. ಅಲ್ಲಿಂದ ಹೋಮ್ಸನ ಕೈಗೆ ಹರಳು ಬರುತ್ತದೆ. ಹೋಟೆಲಿನಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಸಾಕಿದವಳ ಮನೆಗೆ ಜಾಡು ಹಿಡಿದು ಹೋಮ್ಸ್ ಕೊನೆಗೆ ರೈಡರನನ್ನು ಕಂಡುಹಿಡಿಯುತ್ತಾನೆ. ರೈಡರ್ ಕಾಲಿಗೆ ಬಿದ್ದು ಅಳುತ್ತಾನೆ. ಹೋಮ್ಸ್ ಬಾಗಿಲು ತೆರೆದು ಅವನನ್ನು ಹೋಗಗೊಡುತ್ತಾನೆ. ಸೆರೆಮನೆಗೆ ಕಳುಹಿಸಿದರೆ ಇವನು ಜೀವನವಿಡೀ ಸೆರೆಮನೆಯ ಹಕ್ಕಿಯಾಗುತ್ತಾನೆ, ಬಿಟ್ಟರೆ ಒಂದು ಆತ್ಮ ಉಳಿದೀತು, ಇದು ಕ್ಷಮೆಯ ಕಾಲ ಎಂಬುದು ಅವನ ವಾದ.

ಇಲ್ಲೇ ಮನೆಯಲ್ಲಿ ಎರಡು ಪಕ್ಷಗಳಾದವು. “ಬಿಡಬಾರದಿತ್ತು ಫಾದರ್. ಅತ್ತ ಮಾತ್ರಕ್ಕೆ ಬಿಟ್ಟರೆ ನಾಳೆ ಇನ್ನೊಂದು ಕಡೆ ಕದೀತಾನೆ. ಕಾನೂನು ಅಂತ ಒಂದಿದೆಯಲ್ಲ? ಹೋಮ್ಸ್ ಯಾರು ಅದನ್ನು ದಾಟೋದಕ್ಕೆ?” ಎಂದರು ಮನೆಯ ಯಜಮಾನರು. “ಅಪ್ಪಾ, ಅವನದು ಮೊದಲ ತಪ್ಪು. ಕ್ಷಮಿಸಬೇಕು ಅಂತ ಭಾನುವಾರ ಕೇಳಿ ಸೋಮವಾರ ಮರೆತರೆ ಹೇಗೆ?” ಎಂದಳು ಮಗಳು. ಎಲ್ಲರೂ ನನ್ನ ಮುಖ ನೋಡಿದರು. ಗುರುವಿಗೆ ಇಂಥ ಪ್ರಶ್ನೆ ಬಹಳ ಸುಲಭ. ದುಂದುಗಾರ ಮಗನ ಸಾಮತಿಯನ್ನು ನೆನಪಿಸಿ, ಕರುಣೆ ಕಾನೂನಿಗಿಂತ ದೊಡ್ಡದು ಎಂದು ನಗುತ್ತ ತೀರ್ಪು ಕೊಟ್ಟೆ. ಮಗಳು ಗೆದ್ದಳು.

ಆಗ ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಮೆಲ್ಲಗೆ ಹೇಳಿದರು: “ಕದ್ದವನ ಕತಿ ನಿಮಗ ಬಿಟ್ಟಿದ್ದು ಸ್ವಾಮಿ. ನನಗ ಅದು ತಿಳಿಯಂಗಿಲ್ಲ. ಆದ್ರ ಆ ರಿಪೇರಿ ಮಾಡಾವ ಜೈಲಿಂದ ಬಂದು ಹೆಂಡ್ತಿ ಮಕ್ಕಳನ್ನ ಕೂಡಿದ ನೋಡ್ರಿ, ಅಲ್ಲಿಗೆ ನನ್ನ ಎದಿ ಹಗುರಾತು.”

ನಾನು ಸುಮ್ಮನಾದೆ. ಅಷ್ಟು ಹೊತ್ತಿನ ವಾದದಲ್ಲಿ ಹಾರ್ನರನ ಹೆಸರನ್ನು ಒಬ್ಬರೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ.

ಧರ್ಮಕೇಂದ್ರಕ್ಕೆ ಮರಳಿ ಮೂಲ ಕಥೆಯನ್ನು ತೆಗೆದು ಓದಿದೆ. ಆರ್ಥರ್ ಕಾನನ್ ಡಾಯ್ಲ್ ಅವರ ಈ ಕಥೆ ಲಂಡನ್ನಿನ ‘ಸ್ಟ್ರ್ಯಾಂಡ್’ ಮಾಸಪತ್ರಿಕೆಯಲ್ಲಿ 1892ರ ಜನವರಿಯಲ್ಲಿ ಪ್ರಕಟವಾದದ್ದು. ಡಾಯ್ಲ್ ಕಥೋಲಿಕ ಕುಟುಂಬದಲ್ಲಿ ಹುಟ್ಟಿ, ಸ್ಟೋನಿಹರ್ಸ್ಟ್ ಎಂಬಲ್ಲಿ ಯೇಸುಸಭೆಯ ಗುರುಗಳ ಶಾಲೆಯಲ್ಲಿ ಓದಿದವರು. ಮುಂದೆ ಧರ್ಮಸಭೆಯಿಂದ ದೂರ ಸರಿದವರು. ಒಂದು ಆತ್ಮವನ್ನು ಉಳಿಸುವ ಚಿಂತೆ ಅವರ ಪತ್ತೇದಾರನ ಬಾಯಲ್ಲಿ ಬಂದದ್ದು ಬಾಲ್ಯದ ಆ ಪಾಠಗಳ ನೆನಪೋ ಏನೋ. ಆದರೆ ನನಗೆ ಅಚ್ಚರಿಯಾದದ್ದು ಬೇರೊಂದು ಸಂಗತಿ. ಅಜ್ಜಿಯ ಎದೆ ಹಗುರಾಗಿಸಿದ ಆ ದೃಶ್ಯ ಮೂಲ ಕಥೆಯಲ್ಲಿ ಇಲ್ಲ. ರೈಡರ್ ಸಾಕ್ಷಿ ಹೇಳಲು ಬರುವುದಿಲ್ಲವಾದ್ದರಿಂದ ಹಾರ್ನರನ ಮೇಲಿನ ಮೊಕದ್ದಮೆ ತಾನಾಗಿ ಬಿದ್ದುಹೋಗುತ್ತದೆ ಎಂದು ಹೋಮ್ಸ್ ಒಂದು ಮಾತು ಹೇಳಿ ಊಟಕ್ಕೆ ಏಳುತ್ತಾನೆ. ಅಷ್ಟೇ. ನಿರಪರಾಧಿಯ ಬಿಡುಗಡೆಯನ್ನು ಕಣ್ಣಿಗೆ ಕಾಣುವಂತೆ ಸೇರಿಸಿದವರು ದೂರದರ್ಶನದ ರೂಪಾಂತರ ಮಾಡಿದವರು. ಕಥೆಯಲ್ಲಿ ಏನೋ ಒಂದು ಸಾಲ ಬಾಕಿ ಉಳಿದಿದೆ ಎಂದು ಅವರಿಗೆ ಅನ್ನಿಸಿರಬೇಕು. ಅಜ್ಜಿ ಹಿಡಿದದ್ದೂ ಅದೇ ಸಾಲವನ್ನು.

ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು: ಅಪರಾಧದ ಕಥೆಯೊಂದನ್ನು ನೋಡಿ ನಾವು ಅಭಿಪ್ರಾಯ ಹೇಳುವಾಗ ನಿಜಕ್ಕೂ ಯಾರ ಪಕ್ಷ ವಹಿಸುತ್ತೇವೆ? ಅಂಥ ಪ್ರತಿ ಕಥೆಯಲ್ಲೂ ಮೂವರಿರುತ್ತಾರೆ. ತಪ್ಪು ಮಾಡಿದವನು ಒಬ್ಬ. ಅದನ್ನು ಪತ್ತೆಹಚ್ಚಿ ತೀರ್ಮಾನಿಸುವವನು ಒಬ್ಬ. ತಪ್ಪಿನಿಂದ ನೊಂದವನು ಮತ್ತೊಬ್ಬ. ಮೊದಲ ಇಬ್ಬರ ಬಗ್ಗೆ ನಮ್ಮ ಚರ್ಚೆ ಮುಗಿಯುವುದಿಲ್ಲ. ಶಿಕ್ಷೆ ಸಾಲದು ಎನ್ನುವವರು ತಮ್ಮನ್ನು ನ್ಯಾಯವಂತರೆಂದು ತಿಳಿಯುತ್ತಾರೆ. ಬಿಟ್ಟುಬಿಡಿ ಎನ್ನುವವರು ತಮ್ಮನ್ನು ಕರುಣಾಳುಗಳೆಂದು ತಿಳಿಯುತ್ತಾರೆ. ಮೂರನೆಯವನು ಎರಡೂ ಪಕ್ಷಗಳ ನಡುವೆ ಮರೆತುಹೋಗುತ್ತಾನೆ.

ಪ್ರೇಕ್ಷಕನ ಅಭಿಪ್ರಾಯಕ್ಕೆ ಪವಿತ್ರ ಗ್ರಂಥದಲ್ಲೇ ಒಂದು ದೊಡ್ಡ ನಿದರ್ಶನವಿದೆ. ಸಮುವೇಲನ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ ಪ್ರವಾದಿ ನಾತಾನ್ ಅರಸ ದಾವೀದನಿಗೆ ಒಂದು ಕಥೆ ಹೇಳುತ್ತಾರೆ. ಹೇರಳ ಕುರಿಮಂದೆಯಿದ್ದ ಧನಿಕನೊಬ್ಬ ತನ್ನ ಅತಿಥಿಯ ಔತಣಕ್ಕಾಗಿ ನೆರೆಯ ಬಡವನ ಒಂದೇ ಒಂದು ಮುದ್ದಿನ ಕುರಿಮರಿಯನ್ನು ಕಿತ್ತುಕೊಂಡ ಕಥೆ. ಕೇಳಿದ ದಾವೀದ ಕೆಂಡವಾಗುತ್ತಾನೆ. ಆ ಧನಿಕ ಸಾವಿಗೆ ತಕ್ಕವನೆಂದೂ ಒಂದಕ್ಕೆ ನಾಲ್ಕರಷ್ಟು ಹಿಂದಿರುಗಿಸಬೇಕೆಂದೂ ತೀರ್ಪು ಕೊಡುತ್ತಾನೆ. ಆಗ ನಾತಾನ್ ಆ ಧನಿಕ ಬೇರೆ ಯಾರೂ ಅಲ್ಲ, ದಾವೀದನೇ ಎಂದು ತೋರಿಸಿಕೊಡುತ್ತಾರೆ. ಊರೀಯನನ್ನು ಕೊಲ್ಲಿಸಿ ಅವನ ಪತ್ನಿಯನ್ನು ತನ್ನವಳಾಗಿ ಮಾಡಿಕೊಂಡಿದ್ದ ಅರಸ ಕುರಿಮರಿಯ ಕಥೆಯಲ್ಲಿ ತನ್ನನ್ನು ಗುರುತಿಸಿರಲಿಲ್ಲ. ಅವನ ತೀರ್ಪು ಸರಿಯಾಗಿತ್ತು, ಕೋಪವೂ ಸರಿಯಾಗಿತ್ತು. ತಾನು ಯಾವ ಪಾತ್ರ ಎಂಬುದು ಮಾತ್ರ ಅವನಿಗೆ ತಿಳಿದಿರಲಿಲ್ಲ.

ನಾವೂ ಹಾಗೆಯೇ. ಪರದೆಯ ಮುಂದೆ ಕುಳಿತಾಗ ನಾವು ಯಾವಾಗಲೂ ಪತ್ತೇದಾರನ ಕುರ್ಚಿಯಲ್ಲಿರುತ್ತೇವೆ. ಜಿ.ಕೆ. ಚೆಸ್ಟರ್ಟನ್ ಅವರು ಸೃಷ್ಟಿಸಿದ ಫಾದರ್ ಬ್ರೌನ್ ಎಂಬ ಗುರು-ಪತ್ತೇದಾರ ಇದಕ್ಕೆ ವಿರುದ್ಧವಾದ ದಾರಿ ಹಿಡಿದವರು. 1927ರಲ್ಲಿ ಪ್ರಕಟವಾದ ಒಂದು ಕಥಾಸಂಕಲನದಲ್ಲಿ ಅವರು ತಮ್ಮ ಗುಟ್ಟನ್ನು ಹೇಳುತ್ತಾರೆ: ಅಪರಾಧಿಯನ್ನು ಹೊರಗಿನಿಂದ ನೋಡದೆ, ಅವನ ಮನಸ್ಸಿನೊಳಗೆ ಹೊಕ್ಕು, ಆ ಪಾಪಕ್ಕೆ ತಾನೂ ಸಮರ್ಥನೆಂದು ತನ್ನಲ್ಲೇ ಕಂಡುಕೊಂಡ ಮೇಲೆ ಪತ್ತೆ ಸುಲಭವಾಯಿತಂತೆ. ಪಾಪನಿವೇದನೆಯ ಪೀಠದಲ್ಲಿ ಕುಳಿತವರಿಗೆ ಈ ಮಾತು ಹೊಸದಲ್ಲ.

ಮೂರನೆಯವನನ್ನು ಮರೆಯದ ಒಬ್ಬ ಪತ್ತೇದಾರನೂ ದೂರದರ್ಶನದಲ್ಲಿದ್ದಾನೆ. ಕೆನಡಾದಲ್ಲಿ 2008ರಲ್ಲಿ ಆರಂಭವಾದ ‘ಮರ್ಡಾಕ್ ಮಿಸ್ಟರೀಸ್’ ಎಂಬ ಮಾಲಿಕೆ 1890ರ ದಶಕದ ಟೊರಾಂಟೊ ನಗರದಿಂದ ಕಥೆ ಶುರುಮಾಡುತ್ತದೆ. ಅದರ ನಾಯಕ ವಿಲಿಯಂ ಮರ್ಡಾಕ್, ಪ್ರಾಟೆಸ್ಟಂಟರೇ ಹೆಚ್ಚಾಗಿದ್ದ ಊರಿನಲ್ಲಿ ಒಬ್ಬ ಕಥೋಲಿಕ ಪೊಲೀಸ್ ಅಧಿಕಾರಿ. ಕೊಲೆಯಾದವರ ದೇಹದ ಬಳಿಗೆ ಬಂದಾಗ ಆತ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾನೆ. ಬೆರಳಚ್ಚು, ರಕ್ತದ ಕಲೆ, ಹೆಜ್ಜೆಗುರುತು ಎಲ್ಲ ಆಮೇಲೆ. ಕಥೆಗಾರನಿಗೆ ಶವವೆಂದರೆ ಒಂದು ಒಗಟಿನ ಆರಂಭ. ಪ್ರೇಕ್ಷಕನಿಗೂ ಅಷ್ಟೇ. ಶಿಲುಬೆಯ ಗುರುತು ಹಾಕಿದವನಿಗೆ ಅದು ಮೊದಲು ಒಬ್ಬ ಮನುಷ್ಯ.

ನೊಂದವನ ಕಡೆಯಿಂದ ನೋಡಲು ಕಲಿತರೆ ನಮ್ಮ ಸುತ್ತಲಿನ ಹಳೆಯ ಕಥೆಗಳೂ ಬೇರೆಯಾಗಿ ಕೇಳಿಸುತ್ತವೆ. ಕಂಪ್ಲಿಯ ಸೀಮೆಯಲ್ಲಿ ಕುಮಾರರಾಮನ ಕಥೆ ಕೇಳದವರಿಲ್ಲ. ಕಂಪಿಲರಾಯನ ಮಗ ಕುಮಾರರಾಮ ಆಡುವಾಗ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದವನ ಮೇಲೆ ಅವಳು ಮೋಹಗೊಳ್ಳುತ್ತಾಳೆ. ಅವನು ಒಪ್ಪದಿದ್ದಾಗ ಅವನೇ ತನ್ನ ಮೇಲೆ ಕೈಮಾಡಿದನೆಂದು ದೂರುತ್ತಾಳೆ. ತಂದೆ ಒಂದು ಪ್ರಶ್ನೆಯನ್ನೂ ಕೇಳದೆ ಮಗನ ತಲೆ ತರಲು ಅಪ್ಪಣೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ಆತುರಪಡದೆ ರಾಮನನ್ನು ಬಚ್ಚಿಟ್ಟು ಬೇರೊಂದು ತಲೆಯನ್ನು ತೋರಿಸಿದ್ದರಿಂದ ಆ ನಿರಪರಾಧಿ ಉಳಿದ. ಇದನ್ನು ಕೇಳುವಾಗ ನಮಗೆ ಆದಿಕಾಂಡದ ಜೋಸೆಫನ ನೆನಪಾಗುತ್ತದೆ.

ನಮ್ಮ ಕಥೋಲಿಕ ಬೈಬಲಿನ ದಾನಿಯೇಲನ ಗ್ರಂಥ, ಹದಿಮೂರನೆಯ ಅಧ್ಯಾಯದಲ್ಲಿ ಸುಸನ್ನಳ ಕಥೆಯಿದೆ. ಲೋಕದ ಮೊದಲ ಪತ್ತೇದಾರಿ ಕಥೆಗಳಲ್ಲಿ ಅದೂ ಒಂದೆಂದು ಹೇಳುವವರಿದ್ದಾರೆ. ತಮ್ಮ ಬಯಕೆಗೆ ಒಪ್ಪದ ಆ ಹೆಣ್ಣುಮಗಳ ಮೇಲೆ ಇಬ್ಬರು ಹಿರಿಯರು ಸುಳ್ಳು ಆರೋಪ ಹೊರಿಸುತ್ತಾರೆ, ಸಭೆಯೆಲ್ಲ ನಂಬುತ್ತದೆ. ಯುವಕ ದಾನಿಯೇಲ ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಾನೆ: ಯಾವ ಮರದ ಕೆಳಗೆ ಕಂಡಿರಿ? ಒಬ್ಬೊಬ್ಬನು ಒಂದೊಂದು ಮರದ ಹೆಸರು ಹೇಳುತ್ತಾನೆ. ಸುಳ್ಳು ಬಯಲಾಗುತ್ತದೆ. ದಾನಿಯೇಲನನ್ನು ನಾವು ಜಾಣನೆಂದು ಹೊಗಳುತ್ತೇವೆ. ಆದರೆ ಜಾಣತನಕ್ಕಿಂತ ಮೊದಲು ಅವನಲ್ಲಿ ಇದ್ದದ್ದು ಸಾಯಲು ಹೊರಟ ಒಬ್ಬಳ ಬಗೆಗಿನ ಕಳಕಳಿ. ಸಭೆಯಲ್ಲಿದ್ದ ಉಳಿದವರೆಲ್ಲರೂ ಪ್ರೇಕ್ಷಕರಾಗಿದ್ದರು.

ಹಾರ್ನರನ ಕಡೆಗೆ ಮರಳೋಣ. ಅವನು ಸಿಕ್ಕಿಬಿದ್ದದ್ದು ಹಳೆಯ ಕಲೆಯಿಂದ. ಒಮ್ಮೆ ಕದ್ದವನು ಯಾವಾಗಲೂ ಕಳ್ಳ ಎಂಬ ನಂಬಿಕೆಯೇ ರೈಡರನ ಬಂಡವಾಳ. ಅದೇ ವಿಕ್ಟೋರಿಯಾ ಕಾಲದ ಸರ್ಕಾರ ನಮ್ಮ ದೇಶದಲ್ಲಿ ಈ ನಂಬಿಕೆಯನ್ನು ಕಾನೂನನ್ನಾಗಿಯೇ ಮಾಡಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡುವ ಅಧಿಕಾರವನ್ನು ಕೊಟ್ಟಿತು. 1911ರಲ್ಲಿ ಅದು ಮದ್ರಾಸ್ ಪ್ರಾಂತಕ್ಕೂ ಬಂತು. ನಮ್ಮ ಬಳ್ಳಾರಿ ಜಿಲ್ಲೆ ಆಗ ಆ ಪ್ರಾಂತದಲ್ಲಿತ್ತು. ಬುಟ್ಟಿ ಹೆಣೆದು, ಉಪ್ಪು ಸಾಗಿಸಿ ಬದುಕುತ್ತಿದ್ದ ಕೊರವರಂಥ ಜನ ಊರಿಂದೂರಿಗೆ ಹೋಗಲು ಪೊಲೀಸರ ಮುಂದೆ ಹಾಜರಿ ಹಾಕಬೇಕಾಯಿತು. 1952ರಲ್ಲಿ ಸ್ವತಂತ್ರ ಭಾರತ ಆ ಕಾಯ್ದೆಯನ್ನು ಕಿತ್ತುಹಾಕಿತು. ಆದರೆ ಕಳುವಾದ ಕೂಡಲೇ ಯಾವ ಓಣಿಯ ಕಡೆ ನಮ್ಮ ಬೆರಳು ತಿರುಗುತ್ತದೆ ಎಂಬುದನ್ನು ನಾವೇ ಕೇಳಿಕೊಂಡರೆ, ಕಾನೂನಿನಷ್ಟು ಸುಲಭವಾಗಿ ಮನಸ್ಸಿನ ಪಟ್ಟಿ ರದ್ದಾಗುವುದಿಲ್ಲವೆಂದು ತಿಳಿಯುತ್ತದೆ.

ಇದನ್ನು ನಾನು ಬೇರೆಯವರ ಬಗ್ಗೆ ಬರೆಯುತ್ತಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಈ ಊರುಗಳಿಂದ ದೂರದ ಒಂದು ಧರ್ಮಕೇಂದ್ರದಲ್ಲಿ ನಾನು ಸೇವೆಯಲ್ಲಿದ್ದಾಗ ಹಬ್ಬದ ಕಾಣಿಕೆಯ ಹಣ ಕಾಣೆಯಾಯಿತು. ದೇವಾಲಯದ ಗಂಟೆ ಬಾರಿಸಿ ಕಸ ಗುಡಿಸುತ್ತಿದ್ದ ಒಬ್ಬ ಯುವಕನಿದ್ದ. ಹುಡುಗನಾಗಿದ್ದಾಗ ಒಂದು ಸೈಕಲ್ಲಿನ ವಿಷಯದಲ್ಲಿ ಅವನನ್ನು ಠಾಣೆಗೆ ಕರೆದೊಯ್ದಿದ್ದರು. ಅದು ಎಲ್ಲರಿಗೂ ಗೊತ್ತಿತ್ತು. ಬಲಿಪೂಜೆಯ ನಂತರ ಪ್ರಕಟಣೆಗಳ ಹೊತ್ತಿನಲ್ಲಿ ನಾನು ಅವನ ಹೆಸರು ಹೇಳಲಿಲ್ಲ. ಬೀಗದ ಕೈ ಯಾರ ಬಳಿ ಇತ್ತೆಂದು ಎಲ್ಲರಿಗೂ ತಿಳಿದಿದೆ ಎಂದಷ್ಟೇ ಹೇಳಿದೆ. ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ಮೂರು ವಾರಗಳ ಬಳಿಕ ಒಂದು ಹಳೆಯ ದಾಖಲೆ ಪುಸ್ತಕವನ್ನು ತೆರೆದಾಗ ಆ ಹಣದ ಲಕೋಟೆ ಅದರೊಳಗೇ ಇತ್ತು. ಭದ್ರವಾಗಿರಲೆಂದು ನಾನೇ ಇಟ್ಟು ಮರೆತಿದ್ದೆ.

ಅಂದೇ ಸಂಜೆ ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವನು ತಲೆ ಬಗ್ಗಿಸಿ, “ಇರಲಿ ಬಿಡಿ ಸ್ವಾಮಿ” ಎಂದ. ನನ್ನ ಮನಸ್ಸು ಹಗುರವಾಯಿತು. ಹೊರಡುವಾಗ ಅವನ ತಾಯಿ ಬಾಗಿಲಲ್ಲಿ ನಿಂತು ಹೇಳಿದರು: “ಊರ ಮುಂದೆ ಆಡಿದ ಮಾತನ್ನು ಮನೆಯೊಳಗೆ ಬಂದು ಹಿಂದಕ್ಕೆ ತಗೊಂಡರೆ ಹೇಗೆ ಸ್ವಾಮಿ?” ಆ ಮಾತು ಚುಚ್ಚಿತು. ಆದರೂ ಮೊದಲ ಭಾನುವಾರ ಸುತ್ತೋಲೆ ಓದುವುದಿತ್ತೆಂದು ನೆಪ ಹೇಳಿಕೊಂಡೆ. ಎರಡನೆಯ ಭಾನುವಾರ ಪೀಠದ ಮುಂದೆ ನಿಂತು ತಪ್ಪು ನನ್ನದೆಂದು ಹೇಳಿದೆ. ಅಷ್ಟರಲ್ಲಿ ಅವನು ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋಗಿದ್ದ. ಮೊದಲ ಮಾತು ಕೇಳಿದವರಲ್ಲಿ ಎಷ್ಟೋ ಮಂದಿ ಎರಡನೆಯ ಮಾತು ಕೇಳಲು ಇರಲಿಲ್ಲ. ಹೊಸಪೇಟೆಯ ಆ ಅಜ್ಜಿಯ ಮಾತು ನನ್ನನ್ನು ಸುಮ್ಮನಾಗಿಸಿದ್ದು ಏಕೆಂದು ಓದುಗರು ಈಗ ಊಹಿಸಬಹುದು.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪಾಪಕ್ಷಮೆಯ ಸಂಸ್ಕಾರದಲ್ಲಿ ಪಶ್ಚಾತ್ತಾಪಿಯ ಕರ್ತವ್ಯಗಳು ಮೂರು: ಮನಮರುಗುವುದು, ಪಾಪವನ್ನು ಅರಿಕೆ ಮಾಡುವುದು, ಪ್ರಾಯಶ್ಚಿತ್ತ. ಗುರುವಿನ ಮೂಲಕ ದೊರೆಯುವ ಕ್ಷಮೆ ಪಾಪವನ್ನು ತೊಡೆಯುತ್ತದೆ. ಆದರೆ ಪಾಪ ಉಂಟುಮಾಡಿದ ಹಾನಿ ತಾನಾಗಿ ಸರಿಹೋಗುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸಾಧ್ಯವಾದಷ್ಟು ಸರಿಪಡಿಸಬೇಕು, ಗಾಯಕ್ಕೆ ಪರಿಹಾರ ಕೊಡಬೇಕು ಎಂದು 1992ರ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ನಾವೋ ಮೂರು ‘ನಮೋ ಮರಿಯ’ ಜಪಿಸಿ ಎಲ್ಲವೂ ಮುಗಿಯಿತೆಂದು ಎದ್ದು ಬರುತ್ತೇವೆ. ಜಕ್ಕಾಯನನ್ನು ನೆನೆಯಿರಿ. ಯೇಸುಸ್ವಾಮಿ ಅವನ ಮನೆಗೆ ಬಂದರು. ಯಾವ ಷರತ್ತನ್ನೂ ಹಾಕಲಿಲ್ಲ. ಆದರೂ ಅವನು ತಾನಾಗಿ ಎದ್ದುನಿಂತು, ಮೋಸದಿಂದ ಪಡೆದದ್ದನ್ನು ಒಂದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ದಾವೀದ ಬೇರೆಯವನಿಗೆ ವಿಧಿಸಿದ ನಾಲ್ಕರಷ್ಟನ್ನು ಜಕ್ಕಾಯ ತನಗೇ ವಿಧಿಸಿಕೊಂಡ. ಪ್ರೇಕ್ಷಕನಿಗೂ ಪಶ್ಚಾತ್ತಾಪಿಗೂ ಇರುವ ಅಂತರ ಇದೇ.

ನಮ್ಮ ಹಂಪಿಯಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆ ದೊರೆಯಿತು. 2019ರ ಫೆಬ್ರವರಿಯಲ್ಲಿ ಒಂದು ವಿಡಿಯೊ ದೇಶದಾದ್ಯಂತ ಹರಡಿತು. ಗಜಶಾಲೆಯ ಹಿಂಭಾಗದ ವಿಷ್ಣು ದೇವಾಲಯದ ಬಳಿ ಯುವಕರು ಶತಮಾನಗಳಷ್ಟು ಹಳೆಯ ಕಲ್ಲಿನ ಕಂಬವನ್ನು ತಳ್ಳಿ ಉರುಳಿಸುವ ದೃಶ್ಯ ಅದರಲ್ಲಿತ್ತು. ನೋಡಿದವರೆಲ್ಲರೂ ನ್ಯಾಯಾಧೀಶರಾದರು. ಹೊಡೆಯಬೇಕು, ವರ್ಷಗಟ್ಟಲೆ ಒಳಗೆ ಹಾಕಬೇಕು ಎಂಬ ಮಾತುಗಳು ಚಹಾದಂಗಡಿಗಳಲ್ಲಿ ಕೇಳಿಬಂದವು. ಹುಡುಗರಲ್ಲವೇ, ಬುದ್ಧಿ ಹೇಳಿ ಬಿಡಿ ಎಂದವರೂ ಇದ್ದರು. ಪೊಲೀಸರು ಅವರನ್ನು ಪತ್ತೆಹಚ್ಚಿ ಬಂಧಿಸಿದರು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿತು. ಜೊತೆಗೆ, ಉರುಳಿಸಿದ ಕಂಬವನ್ನು ಅವರೇ ಮರಳಿ ನಿಲ್ಲಿಸಬೇಕೆಂದು ಆದೇಶಿಸಿತು. ಪುರಾತತ್ವ ಇಲಾಖೆಯವರ ಎದುರಿನಲ್ಲಿ ಆ ಯುವಕರು ತಮ್ಮ ಕೈಯಿಂದಲೇ ಕಲ್ಲನ್ನೆತ್ತಿ ನಿಲ್ಲಿಸಿದರು.

ಈ ತೀರ್ಪಿನಲ್ಲಿ ಹೊಡೆಯಿರಿ ಎಂದವರೂ ಗೆಲ್ಲಲಿಲ್ಲ, ಬಿಡಿ ಎಂದವರೂ ಗೆಲ್ಲಲಿಲ್ಲ. ಅವರಿಬ್ಬರೂ ಯುವಕರನ್ನು ಮಾತ್ರ ನೋಡುತ್ತಿದ್ದರು. ನ್ಯಾಯಾಲಯ ಬಿದ್ದ ಕಂಬವನ್ನು ನೋಡಿತು. ತಳ್ಳಲು ಒಂದು ಗಳಿಗೆ ಸಾಕಾಗಿತ್ತು. ಎತ್ತುವಾಗ ಅದರ ಭಾರ ಎಷ್ಟೆಂದು ಭುಜಕ್ಕೆ ತಿಳಿಯಿತು. ನನ್ನ ಪ್ರಕಾರ ಆ ತಿಳಿವು ಸೆರೆಮನೆಯ ಗೋಡೆಗಳಿಗಿಂತ ಹೆಚ್ಚು ಕಲಿಸಿರಬೇಕು.

ಸಂಡೂರಿನ ಬೆಟ್ಟಗಳನ್ನು ನೆನೆದರೆ ಪ್ರಶ್ನೆ ನಮ್ಮ ಮನೆಯೊಳಗೇ ಬರುತ್ತದೆ. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ವರದಿಯನ್ನು ಸಲ್ಲಿಸಿದರು. ಎರಡೇ ದಿನಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಆ ದಿನಗಳಲ್ಲಿ ಪ್ರತಿ ಮನೆಯ ದೂರದರ್ಶನವೂ ಒಂದು ಪತ್ತೇದಾರಿ ಮಾಲಿಕೆಯಾಗಿತ್ತು. ದೊಡ್ಡವರ ಹೆಸರುಗಳನ್ನು ಕೇಳಿ ನಾವೆಲ್ಲ ದಾವೀದನಂತೆ ಕೆಂಡವಾದೆವು. ತಪ್ಪು ಮಾಡಿದವರಿಗೆ ಕಾನೂನಿನ ಉತ್ತರ ಸಿಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಲಾರಿಯ ಬಾಡಿಗೆಯಲ್ಲಿ, ಏರಿದ ಮನೆ ಬಾಡಿಗೆಯಲ್ಲಿ, ಹಬ್ಬ ಜಾತ್ರೆಗಳಿಗೆ ಬಂದ ದೊಡ್ಡ ದೇಣಿಗೆಯಲ್ಲಿ ಆ ಕೆಂಪು ಮಣ್ಣಿನ ಹಣ ನಮ್ಮ ಅಂಗಳಕ್ಕೂ ಬಂದಿತ್ತಲ್ಲವೇ? ಬಂದಾಗ ಎಲ್ಲಿಂದ ಎಂದು ಕೇಳಿದವರು ಎಷ್ಟು ಮಂದಿ? ಇಲ್ಲಿ ಮೂರನೆಯವನು ಯಾರು? ದೂಳು ಕುಡಿದ ಮಕ್ಕಳು, ಬೆಳೆ ಕೆಂಪಾದ ರೈತ, ಬೋಳಾದ ಬೆಟ್ಟ, ಕೆಸರಾದ ಹಳ್ಳ.

ಅಲ್ಲಿಯೂ ಮುಂದೆ ನ್ಯಾಯಾಲಯ ಪುನಃಸ್ಥಾಪನೆಯ ಮಾತನ್ನು ಎತ್ತಿತು. ಪ್ರತಿ ಗಣಿಗೂ ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆ ಇರಬೇಕೆಂದಿತು. ಗಣಿಯಿಂದ ಬಂದ ಹಣವನ್ನು ನೊಂದ ಪ್ರದೇಶಕ್ಕೆ ಬಳಸಲೆಂದು 2014ರಲ್ಲಿ ಗಣಿ ಪರಿಸರ ಪುನಃಶ್ಚೇತನ ನಿಗಮವೂ ಸ್ಥಾಪನೆಯಾಯಿತು. ಬೆಟ್ಟವನ್ನು ಕಂಬದಂತೆ ಎತ್ತಿ ನಿಲ್ಲಿಸಲಾಗದು. ಊರೀಯನನ್ನು ದಾವೀದ ಮರಳಿ ತರಲಾರದೆ ಹೋದ ಹಾಗೆ, ಕೆಲವು ಹಾನಿಗಳು ನಮ್ಮ ಕೈಮೀರಿದವು. ಅಲ್ಲಿ ಉಳಿಯುವುದು ಕಣ್ಣೀರು, ಪ್ರಾರ್ಥನೆ ಮತ್ತು ಮಾಡಬಹುದಾದಷ್ಟನ್ನು ಮಾಡುವ ಹಟ. ಪೂರ್ತಿ ಆಗುವುದಿಲ್ಲವೆಂಬುದು ಏನನ್ನೂ ಮಾಡದಿರಲು ಕಾರಣವಾಗದು.

ಹಾಗಾದರೆ ಹೋಮ್ಸ್ ಮಾಡಿದ್ದು ಸರಿಯೇ? ಆ ಮನೆಯವರಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತೇನೆ. ಒಬ್ಬ ಪಾಪಿಯ ಆತ್ಮ ಉಳಿಯಲಿ ಎಂಬ ಅವನ ಆಸೆ ಶುಭಸಂದೇಶಕ್ಕೆ ಹತ್ತಿರವಾದದ್ದು. ಆದ್ದರಿಂದ ಮಗಳು ಹೇಳಿದ್ದು ತಪ್ಪಲ್ಲ. ಆದರೆ ರೈಡರ್ ಕಣ್ಣೀರು ಸುರಿಸಿದ್ದು ತನಗಾಗಿ, ತನ್ನ ಮರ್ಯಾದೆಗಾಗಿ, ತನ್ನ ತಂದೆತಾಯಿಯರ ಹೆಸರಿಗಾಗಿ. ಹಾರ್ನರನಿಗಾಗಿ ಒಂದು ಹನಿಯೂ ಬೀಳಲಿಲ್ಲ. ಓಡಿಹೋದವನು ಅವನ ಬಳಿ ಹೋಗಿ ಕ್ಷಮೆ ಕೇಳಲಿಲ್ಲ. ಹೋಮ್ಸನೂ ಹೋಗೆಂದು ಹೇಳಲಿಲ್ಲ. ಆದ್ದರಿಂದ ತಂದೆಯ ಅಸಮಾಧಾನವೂ ತಪ್ಪಲ್ಲ. ಅವರಿಗೆ ಕೊರತೆಯೆನಿಸಿದ್ದಕ್ಕೆ ಶಿಕ್ಷೆ ಎಂಬ ಹೆಸರು ಕೊಟ್ಟರಷ್ಟೇ. ಕೊರತೆಯಾದದ್ದು ಪ್ರಾಯಶ್ಚಿತ್ತ. ರೈಡರ್ ನನ್ನ ಬಳಿ ಪಾಪನಿವೇದನೆಗೆ ಬಂದಿದ್ದರೆ ನಾನು ಅವನನ್ನು ಕ್ಷಮಾಪಣೆಯಿಲ್ಲದೆ ಕಳುಹಿಸುತ್ತಿರಲಿಲ್ಲ. ಆದರೆ ನಿರಪರಾಧಿಯನ್ನು ಸೆರೆಯಿಂದ ಬಿಡಿಸುವ ದಾರಿ ಹಿಡಿಯೆಂದು ಹೇಳದೆಯೂ ಕಳುಹಿಸುತ್ತಿರಲಿಲ್ಲ. ತನ್ನಿಂದ ನೊಂದವನ ಕಡೆಗೆ ಮುಖ ತಿರುಗಿಸಿದಾಗಲೇ ಆತ್ಮ ಉಳಿಯುವುದು; ಬಾಗಿಲಿನ ಕಡೆಗೆ ಓಡಿದಾಗ ಉಳಿಯುವುದು ಚರ್ಮ ಮಾತ್ರ.

ದೂರದರ್ಶನ ನೋಡಬೇಡಿ ಎಂದು ನಾನು ಹೇಳುವುದಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಒಂದು ಕಥೆಯನ್ನು ನೋಡಿ, ಸರಿ ತಪ್ಪುಗಳ ಬಗ್ಗೆ ವಾದ ಮಾಡುವುದು ಒಳ್ಳೆಯದು. ಆ ಕುಟುಂಬದ ಜಗಳ ಎಷ್ಟೋ ಪ್ರಬೋಧನೆಗಳಿಗಿಂತ ಮೇಲಾಗಿತ್ತು. ಕಥೆ ಮುಗಿದ ಮೇಲೆ ಪ್ರತಿಯೊಬ್ಬರೂ ಒಂದು ಪ್ರಶ್ನೆಯನ್ನು ಸೇರಿಸಿಕೊಂಡರೆ ಸಾಕು: ಇದರಲ್ಲಿ ನೊಂದವರು ಯಾರು, ಅವರಿಗೆ ಏನು ಹಿಂದಿರುಗಿತು? ರಾತ್ರಿ ಮಲಗುವ ಮುನ್ನ ಆತ್ಮಪರಿಶೋಧನೆ ಮಾಡುವಾಗ ಅದೇ ಪ್ರಶ್ನೆಯನ್ನು ನಮ್ಮ ಕಡೆಗೂ ತಿರುಗಿಸಿಕೊಳ್ಳೋಣ. ನನ್ನ ಮಾತಿನಿಂದ ಹೆಸರು ಕಳೆದುಕೊಂಡವರು ಯಾರು? ನಾನು ಊರ ಮುಂದೆ ಆಡಿ ಮನೆಯೊಳಗೆ ಹಿಂದಕ್ಕೆ ಪಡೆದ ಮಾತು ಯಾವುದು?

ನನ್ನ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ. ಗಂಟೆ ಬಾರಿಸುತ್ತಿದ್ದ ಆ ಯುವಕ ಈಗ ನಡುವಯಸ್ಸಿನವನಾಗಿರಬೇಕು. ಅವನು ಇರುವ ಊರನ್ನು ವಿಚಾರಿಸಿ ತಿಳಿದುಕೊಂಡಿದ್ದೇನೆ. ತಪಸ್ಸುಕಾಲ ಮುಗಿಯುವುದರೊಳಗೆ ಹೋಗಿ ಬರಬೇಕು. ಅವನ ಮನೆಯವರ ಮುಂದೆ, ಅವನ ಮಕ್ಕಳ ಮುಂದೆ ಆ ಮಾತನ್ನು ಹೇಳಬೇಕು. ಅದಕ್ಕೆ ಬೇಕಾದ ಧೈರ್ಯವನ್ನು ಪ್ರಭು ನನಗೂ, ಇಂಥ ಸಾಲ ಉಳಿಸಿಕೊಂಡಿರುವ ನಿಮ್ಮೆಲ್ಲರಿಗೂ ಅನುಗ್ರಹಿಸಲಿ.